ಯೋಬನ ಪ್ರಶ್ನೆಗೆ ಕಾಡುಪ್ರಾಣಿಗಳೇ ಏಕೆ ಉತ್ತರ?

ಬೈಬಲಿನ ಯೋಬನ ಗ್ರಂಥದಲ್ಲಿ, ನೀತಿವಂತನಾಗಿದ್ದೂ ಕಷ್ಟಕ್ಕೆ ಸಿಲುಕಿ ತನ್ನ ಸಂಕಟಕ್ಕೆ ಕಾರಣ ಕೇಳಿದ ಯೋಬನಿಗೆ ದೇವರು ಕಾಡುಪ್ರಾಣಿಗಳ ವಿಷಯ ಹೇಳುವುದೇಕೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರವು ಆ ಗ್ರಂಥದ 38 ಮತ್ತು 39ನೆಯ ಅಧ್ಯಾಯಗಳಲ್ಲಿ ಬರುವ ಪ್ರಾಣಿಗಳ ಆಯ್ಕೆಯಲ್ಲಿಯೇ ಇದೆ. ಸಿಂಹ, ಕಾಗೆ, ಬೆಟ್ಟದ ಮೇಕೆ, ಕಾಡುಕತ್ತೆ, ಹದ್ದು ಇವು ಯಾವುವೂ ಮನುಷ್ಯ ಸಾಕಿದವಲ್ಲ. ಯುದ್ಧದ ಕುದುರೆಯೊಂದೇ ಅಪವಾದ, ಅದರ ಬಲವೂ ಮನುಷ್ಯ ಕೊಟ್ಟದ್ದಲ್ಲ. ಹಸಿದ ಸಿಂಹದ ಮರಿಗೆ ಬೇಟೆ ಒದಗಿಸುವವನೂ, ಮೊರೆಯಿಡುವ ಕಾಗೆಮರಿಗೆ ಆಹಾರ ಕೊಡುವವನೂ, ಜನರೇ ಇಲ್ಲದ ಅಡವಿಗೆ ಮಳೆ ಸುರಿಸುವವನೂ ಯಾರೆಂದು ದೇವರು ಕೇಳುವಾಗ, ಲೋಕವು ಮನುಷ್ಯನ ಉಪಯೋಗಕ್ಕಾಗಿಯೇ ನಡೆಯುತ್ತಿದೆ ಎಂಬ ಎಣಿಕೆ ಕುಸಿಯುತ್ತದೆ. ಕಾಡುಕೋಣವು ನಿನ್ನ ಗೋದಲಿಯ ಬಳಿ ರಾತ್ರಿ ಕಳೆದೀತೇ, ನಿನ್ನ ಹೊಲ ಉತ್ತೀತೇ ಎಂಬ ಪ್ರಶ್ನೆಯ ಮೊನೆಯನ್ನು, ತೋಟಕ್ಕಿಳಿಯುವ ಕಾಟಿಯನ್ನು, ಅಂದರೆ ಕಾಡುಕೋಣವನ್ನು, ಕಂಡಿರುವ ಮೂಡಿಗೆರೆ, ಸಕಲೇಶಪುರದ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ.

40ನೆಯ ಅಧ್ಯಾಯದಲ್ಲಿ ಯೋಬನು ಬಾಯಿಯ ಮೇಲೆ ಕೈಯಿಟ್ಟುಕೊಳ್ಳುತ್ತಾನೆ. ಅವನು ಬೆದರಿ ಸುಮ್ಮನಾದನೆಂದು ಓದುವವರಿದ್ದಾರೆ; ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ 42ರಲ್ಲಿ ದೇವರು, ಸಂಕಟವು ಪಾಪದ ಫಲವೆಂದು ವಾದಿಸಿದ್ದ ಅವನ ಸ್ನೇಹಿತರನ್ನು ಗದರಿಸಿ, ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಎನ್ನುತ್ತಾನೆ. ಬೈಬಲಿನದೇ ಕೀರ್ತನೆಗಳ ಗ್ರಂಥದ 104ನೆಯ ಕೀರ್ತನೆಯಲ್ಲಿ ಇದೇ ವಿಚಾರವು ಗದರಿಕೆಯಿಲ್ಲದೆ ಬಂದಿದೆ: ಅಲ್ಲಿ ರಾತ್ರಿಯೆಲ್ಲ ಸಿಂಹಗಳು ದೇವರಿಂದ ಆಹಾರ ಕೇಳುತ್ತವೆ, ಅವು ಗವಿ ಸೇರಿದ ಮೇಲೆ ಮನುಷ್ಯನು ದುಡಿಮೆಗೆ ಹೊರಡುತ್ತಾನೆ.