ಓನಾ ಜಡ್ಜ್ ಕೊಟ್ಟ ಉತ್ತರ

ಮಾನ್ಯರೇ,

ಅಮೆರಿಕದ ಗುಲಾಮಗಿರಿ ಕುರಿತ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: “ಗುಲಾಮರಿಗೆ ಅಕ್ಷರ ಕಲಿಸಲಿಲ್ಲ. ಉಳಿದಿರುವುದು ಒಡೆಯರ ಕಾಗದಪತ್ರ. ಅದರಿಂದ ಕಪ್ಪು ಜನರ ಬದುಕನ್ನು ಬರೆಯುವುದು ಬರೀ ಕಲ್ಪನೆಯಲ್ಲವೇ?”

ಒಡೆಯರ ಕಾಗದವನ್ನೇ ನೋಡೋಣ. 1796ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಮನೆಯಿಂದ ಓನಾ ಜಡ್ಜ್ ಎಂಬ ಗುಲಾಮ ಹೆಣ್ಣು ಓಡಿಹೋಗಿದ್ದಾಳೆ. ವಯಸ್ಸು ಸುಮಾರು 20, ಮುಖದ ತುಂಬ ಕಂದು ಚುಕ್ಕೆ, ಕಡುಕಪ್ಪು ಕಣ್ಣು, ಪೊದೆಗೂದಲು. ಹಿಡಿದುಕೊಟ್ಟವರಿಗೆ 10 ಡಾಲರ್. ಓಡಿಹೋಗುವಂಥ ಕಾರಣವೇನೂ ಇರಲಿಲ್ಲ ಎಂದೂ ಅದರಲ್ಲಿದೆ.

ಕಾರಣ ಇತ್ತು. ನ್ಯೂ ಹ್ಯಾಂಪ್‌ಶೈರ್‌ಗೆ ಹಡಗಿನಲ್ಲಿ ಹೋಗಿ ನೆಲೆಸಿದ್ದ ಓನಾ, ಮುಪ್ಪಿನಲ್ಲಿ, 1845 ಮತ್ತು 1846ರಲ್ಲಿ ಪತ್ರಿಕೆಗಳಿಗೆ ಅದನ್ನು ತಾನೇ ಹೇಳಿದಳು. ಅಧ್ಯಕ್ಷರ ಹೆಂಡತಿ ಮಾರ್ಥಾ ವಾಷಿಂಗ್ಟನ್ ಅವಳನ್ನು ಮೊಮ್ಮಗಳಿಗೆ ಕೊಡುವವರಿದ್ದರು. ವರ್ಜೀನಿಯಾಕ್ಕೆ ಹೊರಡಲು ಮನೆಯವರು ಗಂಟುಮೂಟೆ ಕಟ್ಟುತ್ತಿದ್ದಾಗ ಇವಳೂ ತನ್ನದನ್ನು ಕಟ್ಟಿದಳು. ಊರಿನ ಕಪ್ಪು ಗೆಳೆಯರ ಮನೆಗೆ ಸಾಮಾನನ್ನು ಮೊದಲೇ ಸಾಗಿಸಿ, ವಾಷಿಂಗ್ಟನ್ನರ ಮನೆಯವರೆಲ್ಲ ಊಟಕ್ಕೆ ಕೂತಾಗ ಹೊರಟುಬಿಟ್ಟಳು. ಅಲ್ಲಿಗಿಂತ ಇಲ್ಲಿ ಹೆಚ್ಚು ದುಡಿಯಬೇಕಾಯಿತಲ್ಲ, ಪಶ್ಚಾತ್ತಾಪವಿಲ್ಲವೇ ಎಂದು ಕೇಳಿದಾಗ, ಇಲ್ಲ, ನಾನು ಸ್ವತಂತ್ರಳು ಎಂದಳು. 1848ರಲ್ಲಿ ತೀರಿಕೊಳ್ಳುವವರೆಗೂ ಕಾನೂನಿನ ಲೆಕ್ಕದಲ್ಲಿ ಅವಳು ಗುಲಾಮಳೇ.

ಇದರಲ್ಲಿ ಕಲ್ಪನೆ ಎಲ್ಲಿದೆ? ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದಿದ್ದೇವೆ, ಅಷ್ಟೆ.

ಎಲ್ಲರಿಗೂ ಇಂಥ ಎರಡನೆಯ ಕಾಗದ ಸಿಗುವುದಿಲ್ಲ, ನಿಜ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ, ಹೆಸರೇ ಇಲ್ಲ. ಆದರೆ ಅದು ತಾನಾಗಿ ಬಿಟ್ಟುಹೋದದ್ದಲ್ಲ. ಹೆಸರು ಬರೆಯಬೇಕೆಂಬ ಪ್ರಸ್ತಾವ ಇತ್ತು, ಸೆನೆಟ್ ಅದನ್ನು ತೆಗೆದುಹಾಕಿತು. ಹಾಗೆ ಅಳಿಸಿದ ಮೇಲೆ, ದಾಖಲೆಯಿಲ್ಲವೆಂದು ನಾವು ಕೈಕಟ್ಟಿ ಕೂತರೆ ಸೆನೆಟ್ಟಿನ ಕೆಲಸವನ್ನೇ ಮುಂದುವರಿಸಿದಂತಾಗುತ್ತದೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ.

ನಿಮ್ಮ ಎಚ್ಚರಿಕೆಯಲ್ಲಿ ಒಂದು ಮಾತು ನಮಗೂ ಬೇಕು: ಹಡಗಿನಲ್ಲಿ ಕೂತ ಓನಾಳ ಮನಸ್ಸಿನಲ್ಲಿ ಏನಿತ್ತೆಂದು ನಾವು ಬರೆಯಬಾರದು. ಅವಳು ಹೇಳಿಲ್ಲ.

ಅಂತರ್ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರು ‘ಕ್ರಿಶ್ಚಿಯನ್ ರೆಕಾರ್ಡರ್’ನಂಥ ಕಪ್ಪು ಜನರ ಪತ್ರಿಕೆಗಳಲ್ಲಿ ತಾಯಿಯನ್ನು, ಮಕ್ಕಳನ್ನು ಹುಡುಕಿ ಜಾಹೀರಾತು ಕೊಟ್ಟರು: ಯಾರು ಮಾರಿದರು, ಯಾವ ಊರಿನಲ್ಲಿ ಅಗಲಿದೆವು, ಈಗ ನನ್ನ ವಿಳಾಸವೇನು. ಅವುಗಳಲ್ಲಿ ಕೆಲವನ್ನು ಕನ್ನಡಕ್ಕೆ ತಂದು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ಓದಿ, ದಯವಿಟ್ಟು ಮತ್ತೆ ಬರೆಯಿರಿ.

— ಸಂಪಾದಕ