ಪೆಟೂನಿಯಾ ಬರೀ ಕಡ್ಡಿಯಾಗಿದೆ, ಏನು ಮಾಡೋದು?

ನರ್ಸರಿಯಿಂದ ತಂದಾಗ ಕುಂಡದ ತುಂಬಾ ಹೂವಿತ್ತು, ಈಗ ಉದ್ದುದ್ದ ಕಡ್ಡಿ, ತುದಿಯಲ್ಲಿ ಒಂದೊಂದು ಹೂ ಅಂತ ಬರೆದಿದ್ದೀರಿ. ಚಿಕ್ಕಮಗಳೂರಿನ ಹವೆಗೆ ಇದು ಒಗ್ಗಲ್ವಾ ಅಂತಲೂ ಕೇಳಿದ್ದೀರಿ. ಚೆನ್ನಾಗಿಯೇ ಒಗ್ಗುತ್ತದೆ. ನಾನೂ ಇದೇ ಊರಿನವಳು, ಚಳಿಗಾಲ ಬಂತೆಂದರೆ ನಮ್ಮ ಕಾಂಪೌಂಡಿನ ಮೇಲೆ ಪೆಟೂನಿಯಾ ಇದ್ದೇ ಇರುತ್ತದೆ. ನಿಮ್ಮ ಗಿಡಕ್ಕೆ ಗೊಬ್ಬರಕ್ಕಿಂತ ಮೊದಲು ಕತ್ತರಿ ಬೇಕು.

ಬಾಡಿದ ಹೂವನ್ನು ಹಿಡಿದು ಎಳೆದರೆ ಎಸಳು ಮಾತ್ರ ಕೈಗೆ ಬರುತ್ತದೆ. ಬುಡದಲ್ಲಿ, ಐದು ಹಸಿರು ದಳಗಳ ನಡುವೆ, ಮೊನಚಾದ ಪುಟ್ಟ ಕಾಯಿ ಹಾಗೇ ಉಳಿದಿರುತ್ತದೆ. ಅದು ಬಲಿಯತೊಡಗಿದರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗಿ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಹಾಗಾಗಿ ತೊಟ್ಟಿನ ಸಮೇತ ಚಿವುಟಿ. ಕೈಯೆಲ್ಲ ಅಂಟಂಟಾಗುತ್ತದೆ, ಗಾಬರಿ ಬೇಡ. ಎಲೆ, ಕಾಂಡದ ಮೇಲಿನ ಸಣ್ಣ ಕೂದಲಿನ ಅಂಟು ಅದು.

ಈಗಾಗಲೇ ಉದ್ದವಾದ ಕಡ್ಡಿಗಳನ್ನು ಅರ್ಧಕ್ಕೆ ಕತ್ತರಿಸಿ, ಎಲೆಯಿರುವ ಗೆಣ್ಣಿನ ಸ್ವಲ್ಪ ಮೇಲೆ. ಒಂದೇ ಸಲ ಬೋಳಿಸಲು ಮನಸ್ಸು ಬರದಿದ್ದರೆ ಈ ವಾರ ಕೆಲವು, ಮುಂದಿನ ವಾರ ಉಳಿದವು. ಚಿಗುರು ಕಂಡ ಮೇಲೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವುದು) ಲೀಟರ್ ನೀರಿಗೆ 1 ಗ್ರಾಂ, ಹತ್ತು ದಿನಕ್ಕೊಮ್ಮೆ ಸಾಕು. ಯೂರಿಯಾ ಸುರಿದರೆ ಸುಮ್ನೆ ಎಲೆ ಜಾಸ್ತಿ. ಮೂರು ನಾಲ್ಕು ವಾರದಲ್ಲಿ ಮತ್ತೆ ಹೂ ಬರುತ್ತದೆ.

ಕುಂಡ ಎಲ್ಲಿಟ್ಟಿದ್ದೀರಿ ಅಂತ ಹೇಳಲಿಲ್ಲ. ಇದಕ್ಕೆ ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೇಕು. ಸಿಟೌಟ್‌ನಲ್ಲಿ, ಸಿಲ್ವರ್ ಓಕ್ ನೆರಳಲ್ಲಿ ಇಟ್ಟರೆ ಎಷ್ಟು ಕತ್ತರಿಸಿದರೂ ಕಡ್ಡಿಯೇ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಚೀಲೇಟೆಡ್ ಐರನ್ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಕೊಡಿ, ಆದರೆ ಮಳೆನೀರು ಹಿಡಿದಿಟ್ಟು ಹಾಕುವುದು ಇನ್ನೂ ಒಳ್ಳೆಯದು.

ನಮ್ಮ ಮಳೆಗಾಲದ ಜೊತೆ ಮಾತ್ರ ಗುದ್ದಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಸಳು ಒದ್ದೆ ಕಾಗದದಂತೆ ಮುದ್ದೆಯಾಗುತ್ತದೆ, ಬೇರು ಕೊಳೆಯುತ್ತದೆ. ಅಕ್ಟೋಬರ್‌ನಲ್ಲಿ ಹೊಸ ಸಸಿ ನೆಡಿ. ದೊಡ್ಡ ಹೂವಿನ ಗ್ರಾಂಡಿಫ್ಲೋರಾಗಿಂತ ಸಣ್ಣ ಹೂವಿನ ಮಲ್ಟಿಫ್ಲೋರಾ ಅಕಾಲ ಮಳೆಯನ್ನು ತಡೆದುಕೊಳ್ಳುತ್ತದೆ. ಬೀಜ ಹಾಕುವುದಾದರೆ ಮಣ್ಣು ಮುಚ್ಚಬೇಡಿ, ಮೊಳಕೆಗೆ ಬೆಳಕು ಬೇಕು.

ಮೊಗ್ಗಿನಲ್ಲಿ ತೂತು, ಎಲೆ ಮೇಲೆ ಕಪ್ಪು ಹಿಕ್ಕೆ ಕಂಡರೆ ಹುಳ ಅಂತಲೇ ಅರ್ಥ. ಸಂಜೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಡುಕಿ, ಸಿಗುತ್ತವೆ. ಇನ್ನೊಂದು, ಇದು ಟೊಮ್ಯಾಟೊ, ಆಲೂಗಡ್ಡೆಯ ಕುಟುಂಬದ ಗಿಡ. ಹಾಸನದ ಆಲೂಗಡ್ಡೆ ಬೆಳೆಗಾರರು ಹೆದರುವ ಅಂಗಮಾರಿ ರೋಗ ಇದಕ್ಕೂ ಬರುತ್ತದೆ. ಟೊಮ್ಯಾಟೊ ಕುಂಡಗಳಿದ್ದರೆ ದೂರ ಇಡಿ.