ಹೋಂಸ್ಟೇ ಆ್ಯಪ್‌ನಲ್ಲಿ ಬಳಕೆದಾರ ಸಾಗುವ ದಾರಿಗೆ ಯಾವ ಡಯಾಗ್ರಾಂ?
ಮಡಿಕೇರಿಯ ಹೋಂಸ್ಟೇ ಬುಕಿಂಗ್ ಆ್ಯಪ್‌ಗೆ ಯೂಸ್ ಕೇಸ್ ಡಯಾಗ್ರಾಂ ಸಾಕಾ ಅಂತ ಕೇಳಿದ್ದೀರಿ. ಸಾಲದು. ಯಾರು ಏನೇನು ಮಾಡಬಹುದು ಎಂದಷ್ಟೇ ಅದು ಹೇಳುತ್ತದೆ. ಯಾವುದಾದ ಮೇಲೆ ಯಾವುದು ಅನ್ನೋದು ಅದರಲ್ಲಿ ಇರುವುದಿಲ್ಲ.

ನಿಮಗೆ ಬೇಕಿರುವುದು ಫ್ಲೋಚಾರ್ಟ್. ಪರದೆಗೊಂದು ಚೌಕ, ಪ್ರಶ್ನೆಗೊಂದು ವಜ್ರಾಕೃತಿ, ಒಂದರಿಂದ ಮುಂದಿನದಕ್ಕೆ ಬಾಣ. ‘ಆ ದಿನ ರೂಮ್ ಖಾಲಿ ಇದೆಯಾ?’ ಇದ್ದರೆ ಹಣ ಕಟ್ಟುವ ಪರದೆ, ಇಲ್ಲದಿದ್ದರೆ ಮತ್ತೆ ಕ್ಯಾಲೆಂಡರ್. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಹೋಗೋದು ಮಾಮೂಲಿ ಅಲ್ವಾ? ಹಣ ಕಟ್ಟುವಾಗಲೇ ಹೋದರೆ ಬಳಕೆದಾರರು ಯಾವ ಪರದೆಗೆ ಮರಳುತ್ತಾರೆ? ಜಾಸ್ತಿ ಜನ ಮರೆಯುವುದು ಆ ಬಾಣವನ್ನೇ.

ಮಾಲೀಕರು ಒಪ್ಪಿದ ಮೇಲೇ ಬುಕಿಂಗ್ ಖಚಿತ ಅಂತಿದ್ದರೆ, ಅದೇ ಚಿತ್ರವನ್ನು ಅತಿಥಿ, ಆ್ಯಪ್, ಮಾಲೀಕರು ಎಂದು ಮೂರು ಉದ್ದ ಪಟ್ಟಿಗಳಾಗಿ ಭಾಗ ಮಾಡಿ, ಯಾರ ಹೆಜ್ಜೆ ಅವರ ಪಟ್ಟಿಯಲ್ಲಿ ಬರಲಿ. ಸ್ವಿಮ್‌ಲೇನ್ ಅಂದರೆ ಇದೇ. ಸೀಕ್ವೆನ್ಸ್ ಡಯಾಗ್ರಾಂ ಹೆಚ್ಚಾಗಿ ಬೇಕಾಗುವುದು ಆ್ಯಪ್, ಸರ್ವರ್‌ನಂಥ ಭಾಗಗಳು ಯಾವ ಕ್ರಮದಲ್ಲಿ ಸಂದೇಶ ಕಳಿಸಿಕೊಳ್ಳುತ್ತವೆ ಎಂದು ತೋರಿಸಲು. ಅದನ್ನು ಡೆವಲಪರ್‌ಗಳಿಗೆ ಬಿಡಿ.